ಲಯನೆಲ್ ಹೆಸರಿನ ಮುಂದಿನ ಅಕ್ಷರಗಳು

ಎಲ್ಮ್‌ಸ್ಟೋ, ಹೆರಿಫರ್ಡ್‌ಶೈರ್
ನವೆಂಬರ್ 9, 1986

ಲಯನೆಲ್‌ಗೆ,

‘ಪ್ರಿಯ’ ಎಂದು ಬರೆಯುವ ಅಭ್ಯಾಸ ಕೈಯಿಂದ ಇನ್ನೂ ಹೋಗಿಲ್ಲ, ತಡೆದುಕೊಂಡೆ. ನಿನ್ನ ಪತ್ರ ಗುರುವಾರವೇ ಬಂತು. ಶುಕ್ರವಾರದ ಆಡಳಿತ ಮಂಡಳಿ ಸಭೆ ಮುಗಿದ ಮೇಲೆ ಉತ್ತರಿಸೋಣವೆಂದು ಇಟ್ಟುಕೊಂಡಿದ್ದೆ.

ಇದನ್ನೆಲ್ಲ ನಾನು ಹೊಂಚು ಹಾಕಿ ಮಾಡಿದೆ ಎಂದು ಬರೆದಿದ್ದೀಯ. ನಡೆದದ್ದು ಇಷ್ಟು. ಶಾಲೆಯ ಹೊಸ ಸಭಾಂಗಣದಲ್ಲಿ ಮುಖ್ಯೋಪಾಧ್ಯಾಯರ ಹೆಸರುಗಳನ್ನು ಚಿನ್ನದ ಅಕ್ಷರಗಳಲ್ಲಿ ಬರೆಸಲು ಮಂಡಳಿಯ ಅಧ್ಯಕ್ಷರಾಗಿ ಕರ್ನಲ್ ಬ್ರಿಗ್‌ಸ್ಟಾಕ್ ಒಂದು ಸಮಿತಿ ಮಾಡಿದರು. ನನ್ನನ್ನು ಕರೆದದ್ದು ನೀನು ಬಿಟ್ಟ ಹೆಂಡತಿ ಎಂದಲ್ಲ, ನಿನಗಿಂತ ಮೊದಲು ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿದ್ದವರ ಮಗಳು ಎಂದು. ಅಪ್ಪನದು ಒಂದೇ ಒಂದು ಎಂ.ಎ.; ಅದಕ್ಕೆ ಚರ್ಚೆಯೇ ಬೇಕಾಗಲಿಲ್ಲ. ಮಾತು ಬೆಳೆದದ್ದು ನಿನ್ನ ಹೆಸರಿಗೆ ಬಂದಾಗ.

“ದೊಡ್ಡದನ್ನೇ ಮೊದ್ಲು ಹಾಕೋಣ. ಪಿಎಚ್.ಡಿ.ನ ಯಾರಾದ್ರೂ ಬಾಲಕ್ಕೆ ಕಟ್ತಾರಾ?” ಎಂದರು ಕರ್ನಲ್.

“ಹಾಗಲ್ಲ ಕರ್ನಲ್, ಚಿಕ್ಕದರಿಂದ ದೊಡ್ಡದಕ್ಕೆ ಹೋಗ್ಬೇಕು. ಮೊದ್ಲು ಬಿ.ಎ., ಆಮೇಲೆ ಮಿಕ್ಕಿದ್ದು. ಯೂನಿವರ್ಸಿಟಿನೇ ಕೇಳಿಬಿಡಿ. ಚಿನ್ನದಲ್ಲಿ ಬರೆದ್ಮೇಲೆ ಅಳಿಸೋದು ಕಷ್ಟ” ಎಂದೆ.

ನಾನು ಹೇಳಿದ ಕ್ರಮ ಸರಿಯಾದದ್ದೇ. ಯಾರನ್ನು ಬೇಕಾದರೂ ಕೇಳು.

ಮಂಡಳಿಗೂ ಈ ಸಮಿತಿಗೂ ಕಾರ್ಯದರ್ಶಿ ನಿನ್ನ ಡಾಫ್ನಿ. “ಈಗ್ಲೇ ಫೋನ್ ಮಾಡ್ತೀನಿ ಇರಿ” ಎಂದು ಉತ್ಸಾಹದಿಂದ ಎದ್ದಳು. ಬರುವ ವಸಂತದಲ್ಲಿ ನಿನ್ನನ್ನು ಮದುವೆಯಾಗಲಿದ್ದವಳು, ನಿನ್ನ ಹೆಸರಿನಲ್ಲಿ ಚುಕ್ಕಿಯೂ ತಪ್ಪಬಾರದು ಅವಳಿಗೆ. ಪಕ್ಕದ ಕೋಣೆಯಿಂದ ಬಂದವಳು ಬಾಗಿಲಲ್ಲೇ ನಿಂತಳು.

“ಬಿ.ಎ. ಇದೆ. ಎಂ.ಫಿಲ್. ಇದೆ. ಅಷ್ಟೇ ಅಂತೆ.”

“ಹೆಸರು ಸರಿಯಾಗಿ ಹೇಳಿದ್ಯಾಮ್ಮ?”

“ಒಂದೊಂದೇ ಅಕ್ಷರ ಬಿಡಿಸಿ ಹೇಳ್ದೆ ಕರ್ನಲ್. ಅವರು ಎರಡ್ಸಲ ನೋಡಿದ್ರಂತೆ.” ಆಮೇಲೆ ನನ್ನ ಕಡೆ ತಿರುಗಿದಳು. “ಥೆಲ್ಮಾ, ನಿಮಗೆ ಗೊತ್ತಿತ್ತಾ?”

“ಕ್ರಮ ಕೇಳಿದ್ರಿ. ಕ್ರಮ ಹೇಳ್ದೆ” ಎಂದೆ.

ಗೊತ್ತಿಲ್ಲದೇ ಇರುತ್ತದೆಯೇ? ಪರೀಕ್ಷಕರ ಮುಂದೆ ಕೂತು ಲೀಡ್ಸ್‌ನ ನಮ್ಮ ಬಾಡಿಗೆ ಕೋಣೆಗೆ ಬಂದ ಸಂಜೆ ನೀನು ಕೋಟು ಕೂಡ ಬಿಚ್ಚದೆ ಹಾಸಿಗೆಯ ಅಂಚಿನಲ್ಲಿ ಕೂತಿದ್ದೆ. ಪ್ರಬಂಧ ಪಿಎಚ್.ಡಿ.ಗೆ ಸಾಲದು, ಬೇಕಾದರೆ ಎಂ.ಫಿಲ್. ಕೊಡುತ್ತೇವೆ ಎಂದಿದ್ದರು. ನಿನ್ನ ಕೈ ಹಿಡಿದುಕೊಂಡು ನಾನೂ ಅತ್ತೆ. ಈ ಶಾಲೆಗೆ ಬಂದ ಮೊದಲ ವರ್ಷ ಪರಿಚಯ ಪುಸ್ತಿಕೆಯಲ್ಲಿ ‘ಡಾಕ್ಟರ್’ ಎಂದು ಅಚ್ಚಾದಾಗ “ಪ್ರೆಸ್‌ನವರ ತಪ್ಪು, ಬಿಟ್ಬಿಡು” ಎಂದೆ ನೀನು. ಮರುವರ್ಷ ನೀನೇ ಹಾಗೆ ಬರೆದುಕೊಟ್ಟೆ.

ಅದನ್ನೂ ಸಹಿಸಿಕೊಂಡಿರುತ್ತಿದ್ದೆನೇನೋ. ಆದರೆ ಜೋನ್ ಹ್ಯಾಡ್‌ಲೋ ನೆನಪಿದ್ದಾಳೆಯೇ? ಪರೀಕ್ಷೆ ಪಾಸಾಗಿ, ಪದವಿ ಸಮಾರಂಭ ಆಗುವ ಮೊದಲೇ ಹೆಸರಿನ ಮುಂದೆ ಎಂ.ಎ. ಬರೆದುಕೊಂಡಿದ್ದ ಹುಡುಗಿ. ಶಿಕ್ಷಕರೆಲ್ಲ ಚಹಾಕ್ಕೆ ಸೇರಿದ್ದಾಗ, “ಮಗು ಹುಟ್ಟೋಕೆ ಮುಂಚೆನೇ ಹೆಸರಿಟ್ಟುಬಿಟ್ರಾ ಮೇಡಂ?” ಎಂದು ನೀನು ಎಲ್ಲರನ್ನೂ ನಗಿಸಿದೆ. ಅವಳ ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದವಳು ನಾನು. ಆ ವಾರವೇ ಅವಳು ಕೆಲಸ ಬಿಟ್ಟಳು; ಈಗ ಹೆರಿಫರ್ಡ್‌ನಲ್ಲಿ ಕೈಗವಸು ಮಾರುತ್ತಾಳೆ.

ಇದೆಲ್ಲ ಜೋನ್‌ಗಾಗಿ ಮಾಡಿದೆ ಎಂದು ಬರೆಯಲು ಹೊರಟಿದ್ದೆ. ಸುಳ್ಳು. ನನಗಾಗಿ ಮಾಡಿದೆ. ನೀನು ಪೆಟ್ಟಿಗೆ ಕಟ್ಟುತ್ತ, “ಡಾಫ್ನಿ ಹೆಸರಿನ ಮುಂದೆ ಓದಿದ ಗುರುತಿದೆ. ನಿನ್ನ ಹೆಸರಿನ ಮುಂದೆ ನಾನು ಬಿಟ್ರೆ ಇನ್ನೇನಿದೆ?” ಎಂದೆಯಲ್ಲ, ಅದಕ್ಕಾಗಿ ಮಾಡಿದೆ. ಸಮಿತಿ ಸೇರಿದ ದಿನ ಬಾಗಿಲಲ್ಲಿ ನಿಂತ ಡಾಫ್ನಿಯ ಮುಖ ಬಿಳಿಚಿದ್ದನ್ನು ನೋಡಿ ನನಗೆ ಮರುಕ ಹುಟ್ಟಲಿಲ್ಲ. ಮನೆಗೆ ಬಂದು ಹೊಟ್ಟೆತುಂಬ ಊಟ ಮಾಡಿದೆ.

ನಿನ್ನ ಪತ್ರದ ಕೊನೆಯಲ್ಲಿ ಬೇಡಿಕೊಂಡಿದ್ದೀಯ: “ಫಲಿತಾಂಶ ಆಮೇಲೆ ಬದಲಾಯ್ತು, ಯೂನಿವರ್ಸಿಟಿ ಕಡತದಲ್ಲೇ ತಪ್ಪಿದೆ ಅಂತ ಮಂಡಳಿಗೆ ಒಂದು ಮಾತು ಹೇಳು. ನಿನ್ನ ಮಾತು ನಂಬ್ತಾರೆ.” ನಿಜ, ನಂಬುತ್ತಿದ್ದರು. ಶುಕ್ರವಾರ ಕರ್ನಲ್ ಅದನ್ನೇ ಕೇಳಿದರು. “ಹಾಗೇನಾದ್ರೂ ಆಗಿತ್ತಾ ಥೆಲ್ಮಾ? ಆಗಿತ್ತು ಅಂದ್ಬಿಡು, ಇಲ್ಲಿಗೆ ಮುಗಿಸ್ತೀನಿ.” ನಾನು ಲೀಡ್ಸ್‌ನ ಆ ಸಂಜೆಯನ್ನು ಹೇಳಿದೆ, ನೀನು ಬಿಚ್ಚದೆ ಕೂತ ಕೋಟಿನವರೆಗೂ. ನಿನ್ನ ರಾಜೀನಾಮೆ ಕೇಳುವ ತೀರ್ಮಾನಕ್ಕೆ ಯಾರೂ ಎದುರಾಡಲಿಲ್ಲ. ನಡಾವಳಿ ಬರೆದುಕೊಂಡವಳು ಡಾಫ್ನಿ.

ಹಲಗೆಯಲ್ಲಿ ನಿನ್ನ ಹೆಸರು ಇರುತ್ತದೆ, ಅಪ್ಪನ ಹೆಸರಿನ ಕೆಳಗೆ: ಲಯನೆಲ್ ಅಕ್ರಾಯ್ಡ್, ಬಿ.ಎ., ಎಂ.ಫಿಲ್. ಕ್ರಮ ಸರಿಯಾಗಿದೆ.

ಥೆಲ್ಮಾ

ಮರೆತ ವಿಷಯ: ಚಿನ್ನದ ಅಕ್ಷರ ಬರೆಯುವವನು ನಿನ್ನೆ ಬಂದಿದ್ದ. “ಇವರ ಹೆಸರಿನ ಮುಂದೆ ಸ್ವಲ್ಪ ಜಾಗ ಬಿಡ್ಲಾ ಮೇಡಂ, ಮುಂದೆ ಇನ್ನೇನಾದ್ರೂ ಸೇರಿಸೋದಿದ್ರೆ?” ಎಂದು ಕೇಳಿದ. ಬೇಡ ಎಂದೆ.