ಮೆಸ್ ಕಾರ್ಯದರ್ಶಿ ನೀಲಾಂಬಿಕಾ ಅಕ್ಕನಿಗೆ

ಮರುಎಣಿಕೆಯ ೨೧೪ನೆಯ ವರ್ಷ, ಹದಿಮೂರನೆಯ ತಿಂಗಳು, ಸೊನ್ನೆಯ ದಿನ.

ನೀಲಾಂಬಿಕಾ ಅಕ್ಕನವರಿಗೆ,

ನ್ಯಾಯವಾಗಿ ನಿಮ್ಮನ್ನು ಮುತ್ತಜ್ಜಿಯ ಮುತ್ತಜ್ಜಿ ಎನ್ನಬೇಕು. ಆದರೆ ಹಳೆಯ ಚಿತ್ರದಲ್ಲಿ ನಾನು ನೋಡಿದ ನಿಮಗೆ ಇಪ್ಪತ್ತೊಂದು ವರ್ಷ, ನನಗೂ ಅಷ್ಟೇ, ಆದ್ದರಿಂದ ಅಕ್ಕ. ನಮ್ಮ ಕಾಲದ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಮೊದಲೇ ಹೇಳಿಬಿಡುತ್ತೇನೆ, ಈ ಕಾಗದ ಬರೆಸುತ್ತಿರುವುದು ಗೌರವವಲ್ಲ, ಹೊಟ್ಟೆಕಿಚ್ಚು.

ನಮ್ಮ ವಿಶ್ವವಿದ್ಯಾಲಯದಲ್ಲಿ ಮುಂದಾಳುತನ ಕಡ್ಡಾಯ ಪಾಠ. ಅದನ್ನು ಕಲಿಸುವುದು ನೆರಳುಸಭೆಯಲ್ಲಿ, ಅಂದರೆ ಬೆಳಕಿನಿಂದ ಮಾಡಿದ ಮನುಷ್ಯರು ತುಂಬಿರುವ ಕೋಣೆಯಲ್ಲಿ. ಅವರು ಆಕಳಿಸುತ್ತಾರೆ, ಸಿಟ್ಟಾಗುತ್ತಾರೆ, ಅಡ್ಡಮಾತಾಡುತ್ತಾರೆ. ನಾವು ಸಮಾಧಾನದಿಂದ ಮಾತಾಡಿದರೆ ಪಾಠ ಮುಗಿಯುವ ಗಂಟೆ ಹೊಡೆಯುವುದರೊಳಗೆ ತಲೆಯಾಡಿಸಿ ಒಪ್ಪುತ್ತಾರೆ. ಬೆಳಿಗ್ಗೆ ಅಂಬಲಿ ಕುಡಿದು ಹೋದರೆ ಊಟದ ಹೊತ್ತಿಗೆ ಒಂದು ಬಂಡಾಯ ತಣಿಸಿ ಬರುತ್ತೇವೆ. ಇಡೀ ತರಗತಿಗೆ ನಾನೇ ಮೊದಲು. ಮುಂದಾಳುಗಳ ಹಳದಿ ಪಟ್ಟಿ ನನ್ನ ತೋಳಿನ ಮೇಲಿದೆ.

ಹೋದ ವಾರ ನಿಜವಾದ ತಂಡ ಕೊಟ್ಟರು. ಮಳೆಗೆ ಮೊದಲು ಕೆರೆಯ ಏರಿ ಗಟ್ಟಿ ಮಾಡಬೇಕು. ಬಸವಂತ ಎಂಬ ಸಹಪಾಠಿ ಕೂತಲ್ಲಿಂದಲೇ, "ನಾ ಬರಂಗಿಲ್ಲ" ಎಂದ. ಕಲಿತದ್ದನ್ನೆಲ್ಲ ಹೇಳಿ ಮುಗಿಸಿ, ಗಂಟೆ ಹೊಡೆದೀತೆಂದು ಕಾಯುತ್ತ ನಿಂತೆ. ಗಂಟೆ ಎಲ್ಲಿಂದ ಬರಬೇಕು? ಅವನು ಎದ್ದು ಊಟಕ್ಕೆ ಹೋದ, ತಂಡವೂ ಅವನ ಹಿಂದೆಯೇ ಹೋಯಿತು. ನಾಳೆ ತಂಡ ಹೊರಡದಿದ್ದರೆ ಪಟ್ಟಿ ಬಿಚ್ಚಿ ಕೊಡಬೇಕು. ಅದು ಹಾಳಾಗಲಿ, ಏರಿ ಒಡೆದರೆ ಕೆಳಗಿನ ಓಣಿಗಳಿಗೆ ನೀರು ನುಗ್ಗುತ್ತದೆ.

ಹಳೆಯ ಚಿತ್ರಗಳ ಉಗ್ರಾಣದಲ್ಲಿ ನೀವು ಸಿಕ್ಕಿದ್ದು ಆಗ. ಕಲಬುರಗಿಯ ಯಾವುದೋ ಹಾಸ್ಟೆಲ್ಲು, ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೊ. ಕೆಳಗೆ ನಿಮ್ಮ ಹೆಸರು, ವಯಸ್ಸು, ಊಟದ ಉಸ್ತುವಾರಿಯ ಮೆಸ್ ಕಾರ್ಯದರ್ಶಿ ಎಂದು ಬರೆದಿತ್ತು. ಸಾರು ನೀರಾಗಿದೆಯೆಂದು ಹುಡುಗಿಯರೆಲ್ಲ ತಟ್ಟೆ ಬಡಿಯುತ್ತಿದ್ದಾರೆ. ಒಬ್ಬಳಂತೂ ತಟ್ಟೆಯನ್ನೇ ನಿಮ್ಮತ್ತ ಎಸೆದಳು. ನೀವು ಬೆಂಚು ಹತ್ತಿ, "ತಪ್ಪು ನಂದೇ ಅದ. ಸಿಟ್ಟಿದ್ದವರು ನಾಳಿ ನನ್ ಜೋಡಿ ಅಡಗಿಮನಿಗಿ ಬರ್ರಿ" ಎಂದಿರಿ. ಯಾರೂ ಒಪ್ಪಲಿಲ್ಲ, ಇನ್ನಷ್ಟು ಬಡಿದರು. ಕೆಳಗಿಳಿದು ತಟ್ಟೆ ಎಸೆದವಳ ಪಕ್ಕ ಹೋಗಿ ಕುಳಿತಿರಿ. ಗದ್ದಲದಲ್ಲಿ ಅಲ್ಲಿ ನಡೆದ ಮಾತು ಕೇಳಿಸುವುದಿಲ್ಲ. ಮುಂದಿನ ತುಣುಕಿನಲ್ಲಿ ಅವಳೇ ನಿಮ್ಮೊಂದಿಗೆ ಸಾರಿನ ಬಕೆಟ್ಟು ಹಿಡಿದಿದ್ದಾಳೆ.

ಎಂಥ ಪುಣ್ಯವಂತರು ನೀವು! ತಟ್ಟೆ ಎಸೆಯುವವರು ನಿಮಗೆ ಪುಕ್ಕಟೆ ಸಿಕ್ಕರು. ಎಡವಿ ಕಲಿಯುವುದಕ್ಕೆ ಬರೀ ಸಾರು ಸಿಕ್ಕಿತು. ನನಗೆ ಮೊದಲ ಸಲಕ್ಕೇ ಕೆರೆಯ ಏರಿ. ನೆನೆದರೆ ಮೈ ಉರಿಯುತ್ತದೆ.

ನೀವು ಅವಳಿಗೆ ಏನು ಹೇಳಿದಿರಿ, ದಯವಿಟ್ಟು ತಿಳಿಸಿ ಎಂದು ಬೇಡಿಕೊಳ್ಳುವುದಕ್ಕೇ ಈ ಕಾಗದ ಹಿಡಿದದ್ದು. ಈ ಸಾಲಿಗೆ ಬಂದಾಗ ಖಾತ್ರಿಗೆಂದು ಆ ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಅಕ್ಕಾ, ಅಲ್ಲಿ ಆಡುತ್ತಿರುವುದು ನಿಮ್ಮ ತುಟಿಯಲ್ಲ, ಅವಳದು. ನೀವು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೀರಿ.

ಯಾಕೆ ಬರುವುದಿಲ್ಲವೆಂದು ನಾನು ಬಸವಂತನನ್ನು ಕೇಳಿಯೇ ಇಲ್ಲ.

ಅವನ ಕೋಣೆಯಲ್ಲಿ ಇನ್ನೂ ದೀಪವಿದೆ. ಪಟ್ಟಿ ಇಲ್ಲೇ ಬಿಚ್ಚಿಟ್ಟು, ಕೇಳಲು ಹೋಗುತ್ತಿದ್ದೇನೆ. ಹೊಟ್ಟೆಕಿಚ್ಚು ಮಾತ್ರ ಇದ್ದಷ್ಟೇ ಇದೆ.

ನಿಮ್ಮ ತಂಗಿ,
ಶರಾವಂತಿ