ನಿನ್ನ ಕುರ್ಚಿಯಲ್ಲಿ ದರ್ಜಿ ಮಾಮ

ಅಕ್ಕಾ,

ನೀನು ತೀರಿಕೊಂಡ ಮೇಲೂ ನಾನು ಸ್ಪ್ಯಾನಿಷ್ ಕ್ಲಾಸಿಗೆ ಹೋಗುತ್ತಿದ್ದೇನೆ. ನಾವು ಕೆಲಸ ಮಾಡುವ ಲಾಂಡ್ರಿಯಲ್ಲಿ ಜೊತೆಯವರು ಸ್ಪ್ಯಾನಿಷಿನಲ್ಲಿ ಮಾತಾಡಿ ನಗುವಾಗ ನಮಗೂ ಅರ್ಥವಾಗಲಿ ಎಂದು ಇಬ್ಬರ ಹೆಸರನ್ನೂ ಬರೆಸಿದವಳು ನೀನೇ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಅಲ್ಲಿ ಬಾಯಿ ಬಿಡಲು ಈಗಲೂ ನಾಚಿಕೆ. ನಿನ್ನ ಕುರ್ಚಿಯ ಮೇಲೆ ಚೀಲ ಇಟ್ಟು, ಯಾರೂ ಕೂರದಂತೆ ನೋಡಿಕೊಳ್ಳುತ್ತೇನೆ.

ಇವತ್ತು ಹೊಸ ಪಾಠ. ಇನ್ನೊಬ್ಬರು ಏನಾದರೂ ಮಾಡಲಿ ಎಂದು ನಾವು ಬಯಸಿದರೆ, ಬೇಡಿಕೊಂಡರೆ, ಆ ಭಾಷೆಯಲ್ಲಿ ಅವರ ಕ್ರಿಯಾಪದ ಬೇರೆ ರೂಪ ತಾಳುತ್ತದಂತೆ.

"ಯಾಕಂದ್ರೆ ನೀವು ಕೇಳಿದ್ದೀರಿ ಅಷ್ಟೆ, ಅದಿನ್ನೂ ಆಗಿಲ್ಲ. ಮಾಡೋದು ಬಿಡೋದು ಅವರಿಷ್ಟ," ಎಂದರು ಟೀಚರ್.

ಆಸ್ಪತ್ರೆಯಲ್ಲಿ ಆ ಕೊನೆಯ ಸಂಜೆ, ಮನೆಗೆ ಹೋಗಿ ಮಲಗು ಎಂದು ನೀನು ಕೇಳಿಕೊಂಡೆ. ನಾನು ಹೋಗಿ ಮಲಗಿದೆ. ಬೆಳಗಾಗುವಷ್ಟರಲ್ಲಿ ನೀನು ಇರಲಿಲ್ಲ.

ಆಮೇಲೆ ಪಕ್ಕದವರಿಗೆ ಒಂದೊಂದು ವಾಕ್ಯ ಹೇಳಬೇಕಿತ್ತು. ಸರಿಯಾಗಿ ಹೇಳಿದರೆ ಅವರು ಅದನ್ನು ಮಾಡಲೇಬೇಕು. ಒಬ್ಬರು ಕಿಟಕಿ ತೆರೆದರು, ಇನ್ನೊಬ್ಬರು ಕುಣಿದರು. ನನ್ನ ಪಕ್ಕದಲ್ಲಿ ಚೀಲ ಮಾತ್ರ ಇತ್ತು. ಮುಂದಿನ ಸಾಲಿನ ದರ್ಜಿ ಮಾಮ ಎದ್ದು ಬಂದು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟರು.

"ಹೇಳು ತಾಯಿ, ಏನು ಬೇಕಾದ್ರೂ ಮಾಡ್ತೀನಿ. ಹಾಡು ಅಂತ ಮಾತ್ರ ಅನ್ಬೇಡ, ಕ್ಲಾಸೇ ಖಾಲಿ ಆಗುತ್ತೆ!"

ಎಲ್ಲರೂ ನಕ್ಕರು. ಅಲ್ಲಿಂದ ಏಳಿ ಎನ್ನಬೇಕೆಂದೇ ಬಾಯಿ ತೆರೆದೆ. ಬಂದದ್ದು ಬೇರೆ: "ಕಿಯೆರೊ ಕೆ ಸೆ ಕೆದೆ ಅಕಿ." ನೀವು ಇಲ್ಲೇ ಉಳಿಯಬೇಕೆಂದು ನನ್ನ ಆಸೆ.

"ಸರಿಯಾಗಿದೆ," ಎಂದರು ಟೀಚರ್.

ಪಾಠ ಮುಗಿಯುವವರೆಗೂ ಮಾಮ ಕದಲಲಿಲ್ಲ ಅಕ್ಕಾ. ಕೇಳಿದರೆ ಒಬ್ಬರು ಹೀಗೆ ಉಳಿಯುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ.