ತೇನ್‌ಮೊಳಿ ಕೇಳಿದ ಪ್ರಶ್ನೆ

ತಾಂಬರಂ, ಚೆನ್ನೈ
೧೧ ಜುಲೈ ೨೦೨೪

ಪ್ರೀತಿಯ ಗುಣವತಿ,

ನಾವೆಲ್ಲ ಚೆನ್ನಾಗಿದ್ದೇವೆ. ಕಾದು ಕಾದು ನೀನು ಬೈದುಕೊಂಡಿರುತ್ತೀಯ, ಬೈದುಕೋ. ಮಗಳು ಮಾಧವಿ ಬಿ.ಎಡ್. ಮುಗಿಸಿದ್ದಾಳೆ, ಟೀಚರ್ ಕೆಲಸಕ್ಕೆ ಹೋಗಲೋ ಬೇಡವೋ ಅಂತ ಒದ್ದಾಡುತ್ತಿದ್ದಾಳೆ, ಧೈರ್ಯ ತುಂಬಿ ನಾಲ್ಕು ಮಾತು ಬರಿ ಎಂದು ನೀನು ಏಪ್ರಿಲ್‌ನಲ್ಲೇ ಕೇಳಿದ್ದೆ. ಎಷ್ಟು ಸಲ ಕೂತೆನೋ! ಎರಡು ಸಾಲು ಬರೆದು ಏಳುತ್ತೇನೆ, ಒರೆಸಿದ ಅಡುಗೆ ಕಟ್ಟೆಯನ್ನೇ ಮತ್ತೆ ಒರೆಸುತ್ತೇನೆ. ರೈಲ್ವೆ ಡ್ಯೂಟಿ ಮುಗಿಸಿ ಬಂದ ನಮ್ಮ ಮನೆಯವರು, "ಒಂದ್ಕಡೆ ಕೂತ್ಕೋಬಾರ್ದೇನೇ? ನಿನ್ನ ನೋಡಿ ನಂಗೇ ತಲೆ ಸುತ್ತುತ್ತೆ" ಅಂತಾರೆ.

ಏನಾಯಿತು ಹೇಳಿಬಿಡುತ್ತೇನೆ.

ಹೋದ ವರ್ಷ ನನ್ನ ಒಂಬತ್ತನೇ ಕ್ಲಾಸಿನಲ್ಲಿ ತೇನ್‌ಮೊಳಿ ಅಂತ ಒಬ್ಬಳಿದ್ದಳು. ಅಪ್ಪ ಇಲ್ಲ. ಅಮ್ಮನಿಗೆ ಟಿ. ನಗರದ ಜವಳಿ ಅಂಗಡಿಯೊಂದರಲ್ಲಿ ಸೀರೆ ತೋರಿಸುವ ಕೆಲಸ. ಲೆಕ್ಕ ಅಂದರೆ ಹುಡುಗಿಗೆ ಭಯ, ಡೆಸ್ಕಿನ ಕೆಳಗೆ ಬೆರಳು ಮಡಚಿ ಎಣಿಸುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ ಎದ್ದು ನಿಂತು ಕೇಳಿದಳು: "ಮಿಸ್, ಮೈನಸ್ಸಿಗೆ ಮೈನಸ್ ಗುಣಿಸಿದ್ರೆ ಪ್ಲಸ್ ಯಾಕ್ ಬರುತ್ತೆ? ರೂಲ್ ತೆರಿಯುಂ ಮಿಸ್, ರೂಲ್ ಗೊತ್ತು. ಯಾಕೆ ಅಂತ ಹೇಳಿ."

ಗುಣಾ, ಇಷ್ಟು ವರ್ಷ ಪಾಠ ಮಾಡಿದ್ದೇನೆ, ಯಾರೂ ಕೇಳಿರಲಿಲ್ಲ. ನನಗೂ ತಟ್ಟನೆ ಹೊಳೆಯಲಿಲ್ಲ. ನಾಳೆ ಹೇಳ್ತೀನಿ ಎಂದು ಬಂದವಳು ಸಾರಿಗೆ ಒಗ್ಗರಣೆ ಹಾಕುವಾಗಲೂ ಅದನ್ನೇ ಯೋಚಿಸಿದೆ. ಮರುದಿನ ಬೋರ್ಡಿನ ಮೇಲೆ ಮೈನಸ್ ಎರಡನ್ನು ಮೂರರಿಂದ, ಎರಡರಿಂದ, ಒಂದರಿಂದ, ಸೊನ್ನೆಯಿಂದ ಗುಣಿಸುತ್ತ ಇಳಿದೆ. ಉತ್ತರ ಮಾತ್ರ ಪ್ರತಿ ಸಲ ಎರಡೆರಡು ಮೇಲೇರುತ್ತಿತ್ತು. ಸೊನ್ನೆ ದಾಟಿ ಮೈನಸ್ ಒಂದಕ್ಕೆ ಬಂದೆನೋ ಇಲ್ಲವೋ, "ಪ್ಲಸ್ ಎರಡು ಮಿಸ್!" ಎಂದು ಅವಳೇ ಕೂಗಿದಳು. ಆ ಸಂಜೆ ಲೋಕಲ್ ಟ್ರೇನಿನಲ್ಲಿ ಮನೆಯವರೆಗೂ ನಿಂತೇ ಬಂದೆ, ಕಾಲುನೋವು ಗೊತ್ತಾಗಲಿಲ್ಲ.

ಆದರೆ ಪ್ರಶ್ನೆ ಕೇಳಿದ್ದಕ್ಕೆ ಅಂಕ ಕೊಡುವವರು ಯಾರು? ವರ್ಷದ ಪರೀಕ್ಷೆಯಲ್ಲಿ ಲೆಕ್ಕ ಅವಳ ಕೈಹಿಡಿಯಲಿಲ್ಲ.

ಮೇ ತಿಂಗಳಲ್ಲಿ ನಮಗೊಂದು ತರಬೇತಿ ಇಟ್ಟರು. ಆ ಸೆಕೆಯಲ್ಲೂ ಕೋಟು ಹಾಕಿಕೊಂಡು ಬಂದಿದ್ದ ಒಬ್ಬರು, ಈ ವರ್ಷದ ನಿಮ್ಮ ಗುರಿ ಏನು, ಒಬ್ಬೊಬ್ಬರಾಗಿ ಹೇಳಿ ಎಂದರು. ಎಲ್ಲರೂ ನೂರಕ್ಕೆ ನೂರು ರಿಸಲ್ಟ್ ಎಂದರು. ನಾನು, "ಒಂದು ಮಗುವಾದರೂ ಎದ್ದು ನಿಂತು ಯಾಕೆ ಅಂತ ಕೇಳಬೇಕು" ಎಂದೆ. ಪ್ರಿನ್ಸಿಪಾಲರು ನಕ್ಕು, "ರತ್ನಾವತಿ ಮೇಡಂ, ಅದನ್ನ ಅಳೆಯೋದು ಹೇಗೆ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮರುದಿನ ಅವರ ಕೋಣೆಗೆ ಕರೆ ಬಂತು. "ತೇನ್‌ಮೊಳಿ ಹತ್ತನೇ ಕ್ಲಾಸಿಗೆ ಬಂದ್ರೆ ನಮ್ಮ ನೂರು ಹೋಗುತ್ತೆ. ಅವಳ ಅಮ್ಮನಿಗೆ ನಿಮ್ಮ ಮೇಲೆ ನಂಬಿಕೆ. ಟಿ.ಸಿ. ತಗೊಂಡು ಬೇರೆ ಸ್ಕೂಲಿಗೆ ಸೇರಿಸೋಕೆ ನೀವೇ ಹೇಳಿ."

"ನಾನು ಹೇಳಲ್ಲ ಸಾರ್."

"ಯೋಚನೆ ಮಾಡಿ."

ಯೋಚನೆ ಮಾಡದೆ ಸಂಜೆ ಸೀದಾ ಟಿ. ನಗರಕ್ಕೆ ಹೋದೆ. ತೇನ್‌ಮೊಳಿಯ ಅಮ್ಮ ಯಾರಿಗೋ ಬಿಚ್ಚಿ ತೋರಿಸಿದ್ದ ಸೀರೆಗಳನ್ನು ಮಡಚುತ್ತಿದ್ದರು. ಯಾರು ಏನೇ ಹೇಳಲಿ ಟಿ.ಸಿ. ಕೇಳಬೇಡಿ, ಈ ವರ್ಷ ಸಂಜೆ ನಾನೇ ಕೂರಿಸಿಕೊಂಡು ಹೇಳಿಕೊಡುತ್ತೇನೆ ಎಂದೆ. ಆಕೆ ಮಡಚುವುದನ್ನು ನಿಲ್ಲಿಸಿ, "ನೀಂಗ ಇರುಕ್ಕೀಂಗ ಮಿಸ್, ಅದು ಪೋದುಂ" ಎಂದರು. ನೀವಿದ್ದೀರಲ್ಲ, ಅಷ್ಟು ಸಾಕು ಅಂತ.

ಜೂನಿನಲ್ಲಿ ಸ್ಕೂಲು ತೆರೆದಾಗ ತೇನ್‌ಮೊಳಿ ಇರಲಿಲ್ಲ. ಟಿ.ಸಿ. ಹೋಗಿದೆ ಎಂದರು ಆಫೀಸಿನವರು. ಅವಳ ಅಮ್ಮ ನನ್ನ ಫೋನ್ ತೆಗೆಯಲಿಲ್ಲ. ಹತ್ತನೇ ಕ್ಲಾಸು ನನ್ನ ಕೈತಪ್ಪಿ ಆರನೇ ಕ್ಲಾಸು ಬಂತು.

ರಾಜೀನಾಮೆ ಕೊಟ್ಟುಬಿಡಬೇಕು ಎಂದು ಬೆಳಗ್ಗೆ ತಿಂಡಿ ಮಾಡುವಾಗ ಅನ್ನಿಸುತ್ತದೆ. ಆರನೇ ಕ್ಲಾಸಿನ ಪುಟಾಣಿಗಳು "ಮಿಸ್ ಮಿಸ್" ಎಂದು ಮುತ್ತಿಕೊಂಡಾಗ ಮರೆತೇ ಹೋಗುತ್ತದೆ. ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ಮತ್ತೆ ಅದೇ. ಇಂಥವಳು ಮಾಧವಿಗೆ ಏನು ಧೈರ್ಯ ತುಂಬಲಿ ಹೇಳು? ಆದರೂ ಟೀಚರ್ ಕೆಲಸಕ್ಕೆ ಹೋಗಲಿ ಅನ್ನು. ನಿನ್ನ ಗುರಿ ಏನು ಎಂದು ಯಾರಾದರೂ ಕೇಳಿದರೆ, ಆ ಗುರಿಗೆ ಅಡ್ಡ ಬಂದ ಮಗುವನ್ನು ಏನು ಮಾಡುತ್ತೀರಿ ಎಂದು ಅವಳು ಮೊದಲು ಕೇಳಲಿ.

ಮಾಧವಿಗೆ ನನ್ನ ತುಂಬು ಹೃದಯದ ಆಶೀರ್ವಾದ. ಅವಳ ಮೊದಲ ಕ್ಲಾಸು ನಗುವಿನಲ್ಲಿ ಮುಗಿಯಲಿ. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ
ರತ್ನಾ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಸೋಮವಾರ ತಾಂಬರಂ ಸ್ಟೇಷನ್ನಿನಲ್ಲಿ ತೇನ್‌ಮೊಳಿ ಸಿಕ್ಕಳು, ಬೇರೆ ಸ್ಕೂಲಿನ ಯೂನಿಫಾರ್ಮು. ಕೂಗಿಕೊಂಡು ಓಡಿದೆ. ನಿಂತಳು. ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. "ನಿಮ್ಮ ಮಗಳ ಕೈಲಾಗಲ್ಲ ಅಂತ ರತ್ನಾವತಿ ಮಿಸ್ಸೇ ಹೇಳಿದಾರೆ ಅಂತ ಪ್ರಿನ್ಸಿಪಾಲ್ ಸಾರ್ ಅಮ್ಮನ ಹತ್ರ ಹೇಳಿದ್ರು. ನಂಗೇ ಹೇಳಬಹುದಿತ್ತಲ್ಲ ಮಿಸ್?" ಎಂದಳು. ಟ್ರೇನು ಬಂತು, ಹತ್ತಿ ಹೋದಳು. ಸ್ಕೂಲಿಗೆ ಹೋದವಳೇ ಪ್ರಿನ್ಸಿಪಾಲರನ್ನು ಕೇಳಿದೆ. ತಲೆಯೆತ್ತದೆ, "ನೀವು ಹೇಳಲಿಲ್ಲ, ಅದಕ್ಕೆ ನಿಮ್ಮ ಪರವಾಗಿ ನಾನು ಹೇಳಬೇಕಾಯ್ತು" ಎಂದರು.

ಈ ಭಾನುವಾರ ತೇನ್‌ಮೊಳಿಯ ಮನೆಗೆ ಹೋಗುತ್ತಿದ್ದೇನೆ. ಮನೆಯವರು ಜೊತೆಗೆ ಬರುತ್ತೇನೆ ಎಂದರು, ಬೇಡ ಎಂದೆ. ಬಾಗಿಲು ತೆರೆದರೆ ಒಳಗೆ ಕೂತು, ಆ ಮಾತು ನನ್ನದಲ್ಲ ಎಂದು ಹೇಳುತ್ತೇನೆ. ತೆರೆಯದಿದ್ದರೆ ಹೊರಗೆ ನಿಂತು, ಅಕ್ಕಪಕ್ಕದವರಿಗೂ ಕೇಳಿಸುವಂತೆ ಹೇಳಿ ಬರುತ್ತೇನೆ.